ನಿಂತೇ ಮಾಡುವ ಕೆಲಸ

ಕೊಳ್ಳೇಗಾಲದ ಹೊರಗಿನ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೂರುವುದಕ್ಕೂ ಯೋಗ್ಯತೆ ಬೇಕು. ಮಿಷನ್ ಮುಂದೆ ಕುಳಿತು ಹೊಲಿಯುವವರು ಪರ್ಮನೆಂಟ್. ಹೊಲಿದ ಅಂಗಿಗಳ ದಾರದ ತುದಿ ಕತ್ತರಿಸುವ ನಾವು ಕಾಂಟ್ರಾಕ್ಟಿನವರು. ನಮಗೆ ಸ್ಟೂಲಿಲ್ಲ, ದಿನವಿಡೀ ನಿಂತೇ ಇರಬೇಕು.

ನನ್ನ ಬಲಗಾಲು ಪೋಲಿಯೋ ಬಂದು ಸೊರಗಿದ್ದು. ಹನೂರಿನ ಮನೆಯಲ್ಲಿ ಎಡಗಾಲಲ್ಲೇ ಮಿಷನ್ ತುಳಿದು ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದವಳು ನಾನು. ಅಮ್ಮ ಹಾಸಿಗೆ ಹಿಡಿದ ಮೇಲೆ ಅದು ಸಾಲದೆ ಫ್ಯಾಕ್ಟರಿಗೆ ಹೋದೆ. ಸೂಪರ್‌ವೈಸರ್ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ.

"ಕುಂಟಿಗೆ ಮಿಷನ್ ಯಾಕಮ್ಮೀ? ಎಲ್ಪರ್ ಆಗು."

ಕಾಲು ಸರಿಯಿಲ್ಲದವಳನ್ನು ಹುಡುಕಿ ನಿಲ್ಲಿಸುವ ಅವನ ಬುದ್ಧಿಗಿಷ್ಟು ಬೆಂಕಿ ಹಾಕ! ಸಂಜೆ ಹೊತ್ತಿಗೆ ಸೊಂಟದಿಂದ ಕೆಳಗೆ ನನ್ನದೆನ್ನುವುದು ಏನೂ ಉಳಿದಿರುತ್ತಿರಲಿಲ್ಲ. ಆ ಮಿಷನ್‌ಗಳನ್ನು ನೋಡುತ್ತಾ ನನಗೂ ಒಂದು ಸಿಕ್ಕರೆ ಸಾಕಪ್ಪಾ ಎಂದು ಆಸೆಪಡುತ್ತಿದ್ದೆ.

ಫ್ಯಾಕ್ಟರಿ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿಗೆ ಸೀರೆ ಸಿಕ್ಕಿಕೊಳ್ಳುತ್ತದಂತೆ. ಹೂಗ್ಯಂ ಕಡೆಯ ಕಾಡಿನೊಳಗಿನ ಪೋಡಿನಿಂದ ಬಂದು ಹನೂರಿನಲ್ಲಿ ರೂಮು ಹಿಡಿದಿದ್ದ ಒಬ್ಬ ಸೋಲಿಗರ ಹೆಂಗಸಿದ್ದಳು, ಅವಳ ಪಕ್ಕವೂ ಯಾರೂ ಕೂರುತ್ತಿರಲಿಲ್ಲ. ಹಾಗಾಗಿ ನಾವಿಬ್ಬರೇ ಜೊತೆಯಾದೆವು. ನನಗಿಂತ ಚಿಕ್ಕವಳು, ನನ್ನಂತೆಯೇ ಹೆಲ್ಪರ್. ಅವಳು ಡಬ್ಬಿ ತೆರೆದರೆ ಸಾಕು, "ಕಾಡ್ನಲ್ಲಿ ಏನೇನ್ ತಿಂದಾರೋ" ಎಂದು ಮೂಗು ಮುಚ್ಚಿಕೊಳ್ಳುವವರು. ಇದ್ದದ್ದು ಮುದ್ದೆ, ಸೊಪ್ಪಿನ ಸಾರು. ಆ ಮೂಗಿನವರ ಡಬ್ಬಿಯಲ್ಲೂ ಅದೇ!

ಒಂದು ದಿನ ಬಿಳಿ ಅಂಗಿಗಳ ಒಂದು ದೊಡ್ಡ ಗಂಟಿನ ತುಂಬ ಎಣ್ಣೆ ಕಲೆ ಕಂಡಿತು. ಸೋರುತ್ತಿದ್ದದ್ದು ಸೂಪರ್‌ವೈಸರನ ನಾದಿನಿಯ ಮಿಷನ್. ಅಂಗಿಗಳು ಕಲೆಯಾಗಿಯೇ ನಮ್ಮ ಟೇಬಲ್ಲಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವನು ನನ್ನನ್ನು ಇಸ್ತ್ರಿ ಟೇಬಲ್ಲಿನ ಹಿಂದೆ ಕರೆದ.

"ಆ ಕಾಡ್ನೋಳು ತಲೆಗೆ ಎಣ್ಣೆ ಮೆತ್ಕಂಡು ಅದೇ ಕೈಲಿ ಮುಟ್ಟುದ್ಲು, ನಾನ್ ಕಂಡೆ ಅಂತ ನಾಳೆ ಮೇನೇಜರ್‌ಗೆ ಏಳು. ನಿಂಗೆ ಮಿಷನ್ ಕೊಡುಸ್ತೀನಿ."

"ಸುಳ್ಳು ಎಂಗ್ ಏಳ್ಲಿ ಸಾ?"

"ಏಳ್ದೆ ಓದ್ರೆ ಇಬ್ರೂ ಮನೆಗ್ ಓಯ್ತೀರ ಅಷ್ಟೇಯ."

ಹೇಳಿದರೆ ಅವಳ ಅನ್ನ ಹೋಗುತ್ತದೆ, ಬಾಯಿ ಮುಚ್ಚಿದರೆ ಇಬ್ಬರದೂ. ಸಂಜೆ ಬಸ್ಸಿನಲ್ಲಿ ತಡೆಯಲಾರದೆ ಎಲ್ಲ ಅವಳ ಮುಂದೆ ಕಕ್ಕಿದೆ. ಅವಳು ನನ್ನ ಕಾಲಿನ ಪಟ್ಟಿಗೆ ಸಿಕ್ಕಿದ್ದ ತನ್ನ ಸೀರೆಯಂಚನ್ನು ಬಿಡಿಸಿಕೊಂಡಳು.

"ಎಂಗಿದ್ರೂ ನನ್ನ ಇರ್ಸಕಳಕ್ಕಿಲ್ಲ ಅಕ್ಕ. ನೀನಾರ ಕುಂತ್ಕೊ."

"ಬಾಯ್ ಮುಚ್ಚು ಸುಮ್ಕೆ!" ಎಂದು ಗದರಿದೆ. ರಾತ್ರಿಯೆಲ್ಲ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಮರುದಿನ ನಮ್ಮಿಬ್ಬರನ್ನೂ ಕರೆಸಿದ ಮೇನೇಜರ್ ರೂಮಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು.

"ನನ್ ಕೈದೇ ಸಾ ಕಲೆ. ಈ ಅಕ್ಕುಂಗೆ ಮಿಷನ್ ಕೊಟ್ಬುಡಿ."

ಕಾಡಿನಲ್ಲಿ ಒಪ್ಪಂದವೆಂದರೆ ಒಪ್ಪಂದವೇ ಇರಬೇಕು. ಮಾತು ಕೊಟ್ಟವನು ಉಳಿಸಿಕೊಳ್ಳುತ್ತಾನೆಂದು ಅವಳು ನಂಬಿದ್ದಳು. ಚೀಲ ತೆಗೆದುಕೊಂಡು ಹೋಗಲು ಅವಳಿಗೆ ಹೇಳಿದರು. ಅವಳು ಬಾಗಿಲು ದಾಟಿದ ಮೇಲೆ ನನಗೆ ದನಿ ಬಂತು.

"ಸುಳ್ಳು ಸಾ! ಸೋರ್ತಿರೋದು ಮಿಷನ್ನು, ಬಂದ್ ನೋಡಿ!"

"ಅವಳೇ ಒಪ್ಪಿಕೊಂಡಳಲ್ಲಮ್ಮಾ, ಇನ್ನೇನು?" ಎಂದು ಮೇನೇಜರ್ ಫೋನ್ ಎತ್ತಿಕೊಂಡರು.

ಹೊರಗೆ ಸೂಪರ್‌ವೈಸರ್ ನಕ್ಕ. "ಅವ್ಳೇ ಒಪ್ಕಂಡ್ಮೇಲೆ ನಿನ್ ಸಾಕ್ಷಿ ಯಾರ್ಗ್ ಬೇಕು? ಓಗು, ದಾರ ಕತ್ತರ್ಸು."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅಮ್ಮನ ಮುಖ ಕಣ್ಣ ಮುಂದೆ ಬಂತು. ಹೋಗಿ ಕತ್ತರಿ ಹಿಡಿದೆ.

ಈಗಲೂ ಅಲ್ಲೇ ಇದ್ದೇನೆ. ಅವಳು ಪೋಡಿಗೆ ಮರಳಿದಳು, ಹೂಗ್ಯಂನಲ್ಲಿ ಸಿಗ್ನಲ್ ಸಿಕ್ಕಿದಾಗ ಫೋನ್ ಮಾಡುತ್ತಾಳೆ. ಮೊನ್ನೆ ಊಟದ ಬಿಡುವು ಮುಗಿಯುವ ಹೊತ್ತಿಗೆ ಮಾಡಿದಳು. ನನ್ನ ಕಡೆಯ ಮಿಷನ್‌ಗಳ ಸದ್ದು ಕೇಳಿ ಅವಳಿಗೆ ಖುಷಿಯಾಯಿತೇನೋ.

"ಕುಂತಿದ್ದೀಯ ಅಕ್ಕ? ಕಾಲ್ನೋವು ಕಮ್ಮಿ ಆಯ್ತಾ?"

ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಊಂ ಕಣವ್ವ, ಕುಂತೀವ್ನಿ."