ಹದಕ್ಕೆ ಬಾರದ ಪಟ್ಟಿ

ಕೊಲ್ಲಾಪುರದ ಅಂಗಡಿಯವನೊಬ್ಬ ಒಣಕಲು ತೊಗಲಿಗೆ ಬಣ್ಣ ಬಳಿದು, ಕ್ಷೌರದ ಕತ್ತಿ ಮಸೆಯುವ ಪಟ್ಟಿಯೆಂದು ತನಗೆ ಮಾರಿದ್ದನ್ನು ಗಡಹಿಂಗ್ಲಜದ ಕ್ಷೌರಿಕ ಲಗಮಣ್ಣ ಇವತ್ತಿಗೂ ಮರೆತಿಲ್ಲ. ಇನ್ನು ಪಟ್ಟಿಯನ್ನು ತಾನೇ ಮಾಡಿಕೊಳ್ಳುವುದೆಂದು ಹಟ ಹಿಡಿದ. ರೈತ ಕಾಡಸಿದ್ದನ ಬಾವಿಗೆ ಎಂಜಿನ್ ಬಂದು, ನೀರೆತ್ತುವ ತೊಗಲಿನ ಮೋಟ ಮೂಲೆ ಸೇರಿದಾಗ ಅದರದೊಂದು ತುಂಡು ಬೇಡಿದ. "ರೊಕ್ಕ ಬ್ಯಾಡೊ. ಪಟ್ಟಿ ತಯಾರಾದ ಮ್ಯಾಲ ಮದಲನೇ ದಾಡಿ ನಂದು," ಎಂದು ಕಾಡಸಿದ್ದ ಕೊಟ್ಟ. ಲಗಮಣ್ಣ ಅದನ್ನು ತನ್ನ ಗಿಡ್ಡ ತೋಳಿನ ಅಳತೆಗೆ ಕತ್ತರಿಸಿ, ಔಡಲೆಣ್ಣೆ ಕುಡಿಸಿ, ಅಂಗೈಯಿಂದ ತಿಕ್ಕತೊಡಗಿದ. ಗಿರಾಕಿ ಬಂದರೂ ತಿಕ್ಕುವವನೇ, ಹೆಂಡತಿಯೊಡನೆ ಜಗಳವಾಡುವಾಗಲೂ ತಿಕ್ಕುವವನೇ. "ನನಗ ಇಷ್ಟ ಎಣ್ಣಿ ಹಚ್ಚಿದ್ರ ನಾನೂ ಮೆತ್ತಗಾಗತಿದ್ನಿ," ಎನ್ನುತ್ತಿದ್ದಳು ಹೆಂಡತಿ ಯಮುನವ್ವ. ಪ್ರತಿ ಸಂತೆಗೆ ಕಾಡಸಿದ್ದ ಬಂದು "ಆತೇನೊ?" ಎಂದರೆ, "ಇನ್ನೂ ಹದಕ್ಕ ಬಂದಿಲ್ರಿ ಅಣ್ಣಾರ. ನಿಮ್ಮ ಗಲ್ಲಕ್ಕ ಅರೆಬರೆ ಪಟ್ಟಿ ನಡೀತದೇನ್ರಿ?" ಎಂದು ಸಿಡುಕುತ್ತಿದ್ದ. ಕಾಡಸಿದ್ದ ಬೇರೆ ಯಾವ ಕ್ಷೌರಿಕನ ಮುಂದೆಯೂ ಕೂಡಲಿಲ್ಲ. ಗಡ್ಡ ಎದೆಗಿಳಿಯಿತು, ಹರಕೆ ಹೊತ್ತಿದ್ದಾನೆಂದು ಜನ ಕೈಮುಗಿಯತೊಡಗಿದರು. ಕೊನೆಗೆ ಮಗಳ ಮದುವೆಗೆಂದು ಇಚಲಕರಂಜಿಗೆ ಹೋದವನು, ಬೀಗರ ಮಾತಿಗೆ ಸೋತು ನುಣ್ಣಗೆ ಬೋಳಿಸಿಕೊಂಡು ಬಂದ. ಮುಂದಿನ ಸಂತೆಗೆ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತವನನ್ನು ಕಂಡು ಲಗಮಣ್ಣ ಉರಿದೆದ್ದ: "ಯಾರ ಕೈರಿ ಇದು?" "ಯಾರದೋ. ನಿನ್ನ ದಾರಿ ಕಾದು ಸಾಕಾತೊ ಮಾರಾಯ," ಎಂದು ಕಾಡಸಿದ್ದ ಎದ್ದು ಹೋದ, ಮತ್ತೆ ಆ ಕುರ್ಚಿಯಲ್ಲಿ ಕೂಡಲಿಲ್ಲ. ಲಗಮಣ್ಣನೂ ಆ ಪಟ್ಟಿಯ ಮೇಲೆ ಬೇರೆಯವರಿಗಾಗಿ ಕತ್ತಿ ಆಡಿಸಲಿಲ್ಲ. ಆ ಒಂದು ದಾಡಿಯ ಋಣ ಹಾಗೇ ಉಳಿಯಿತು.