ಕಾಂತಾ ಕಾಯಿಸಿದ ಹದಿನಾಲ್ಕು ತಿಂಗಳು

ಬೆಳಗಾವಿಯಿಂದ ಖಾನಾಪುರದ ತನಕ ಜಾಲಾಡಿದರೂ ಶಿವಬಸವ ನಗರದ ನಮ್ಮ ಕಾಂತಾಳಷ್ಟು ಲಗೂ ನಿರ್ಧಾರ ಮಾಡುವವರು ಸಿಗುವುದಿಲ್ಲ. ಇದನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಜಂಪರು ಹೊಲಿಯುವುದು ಅವಳ ಉದ್ಯೋಗ. ಬಂದವರು ಕೊರಳು ಹೇಗಿರಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಕತ್ತರಿ ಅರ್ಧ ಅರಿವೆ ದಾಟಿರುತ್ತದೆ. ಒಮ್ಮೆ ಒಬ್ಬಾಕೆ ಅಳತೆ ಕೊಟ್ಟು ಚಪ್ಪಲಿ ಮೆಟ್ಟುವಷ್ಟರಲ್ಲಿ ಗುಂಡಿ ಹಚ್ಚಿದ ಜಂಪರು ಕೈಗೆ ಬಂತು. ಅದನ್ನು ತೊಟ್ಟುಕೊಂಡೇ ಬಸ್ ಹತ್ತಿದಳು. ನಂಬದವರು ಬಿಡಿ, ಬಸ್ ಮಾತ್ರ ಖರೇ.

ಇಂಥ ಕಾಂತಾ ಹೌದೋ ಅಲ್ಲವೋ ಎಂಬ ಒಂದು ಮಾತು ಹೇಳಲು ಹದಿನಾಲ್ಕು ತಿಂಗಳು ತೆಗೆದುಕೊಂಡಳು.

ಅದರ ಬೇರು ನಂದಗಡದಲ್ಲಿದೆ, ಮೂವತ್ತು ವರ್ಷದ ಕೆಳಗೆ. ಅವಳಿಗಾಗ ಇಪ್ಪತ್ತೊಂದು. ಖಾನಾಪುರದ ಹಂಚಿನ ವ್ಯಾಪಾರಿಗಳ ಮನೆಯ ಗುರುಪಾದಪ್ಪ ಎಂಬ ವರ ಹನ್ನೊಂದು ಮಂದಿಯನ್ನು ಕಟ್ಟಿಕೊಂಡು ಅವಳನ್ನು ನೋಡಲು ಬಂದ. ಅವಲಕ್ಕಿ ತಿಂದರು, ಉಂಡಿ ತಿಂದರು, ಚಹಾ ಎರಡೆರಡು ಸಲ ಕುಡಿದರು. ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತ ವರನೇ ಹೇಳಿದ:

"ಹೇಳಿ ಕಳಸ್ತೀವ್ರಿ."

ನಮ್ಮ ಕಡೆ ಒಲ್ಲೆ ಎನ್ನಲು ಸಂಕೋಚಪಡುವವರೂ ಹೀಗೇ ಅನ್ನುತ್ತಾರೆ, ಇನ್ನೂ ನಾಲ್ಕು ಮನೆಯ ಅವಲಕ್ಕಿ ನೋಡಬೇಕೆನ್ನುವವರೂ ಹೀಗೇ ಅನ್ನುತ್ತಾರೆ. ಕಾಂತಾಳ ಅಪ್ಪ ದುಂಡಪ್ಪ ಮಾತ್ರ ಅದನ್ನು ಅರ್ಧ ಹೌದೆಂದು ಹಿಡಿದ. ನಡುವೆ ಬೈಲಹೊಂಗಲದ ಒಬ್ಬ ಸಾಲಿ ಮಾಸ್ತರ ಕೇಳಿ ಬಂದರೆ, ಒಂದು ಕಡೆ ಮಾತು ನಡೆದಿದೆ ಎಂದು ತಿರುಗಿಸಿ ಕಳಿಸಿದ. ಆ ಮಾಸ್ತರನನ್ನು ಕಾಂತಾ ಸಂತೆಯಲ್ಲಿ ನೋಡಿದ್ದಳು. ಮನಸ್ಸಿನೊಳಗೆ ಹೂಂ ಅಂದೂ ಆಗಿತ್ತು.

ಹದಿನಾಲ್ಕು ತಿಂಗಳು ಖಾನಾಪುರದ ಬಸ್ಸಿನ ಸಪ್ಪಳಕ್ಕೆಲ್ಲ ದುಂಡಪ್ಪನ ಮನೆಯೇ ಬಾಗಿಲಿಗೆ ಬಂತು. ಕೊನೆಗೆ ಬಂದದ್ದು ಬಾಜು ಮನೆಯವರು ಹಂಚಿದ ಬುಂದೇ ಉಂಡಿ. ಗುರುಪಾದಪ್ಪನ ಲಗ್ನದ್ದು. ಅಷ್ಟರಲ್ಲಿ ಮಾಸ್ತರನಿಗೂ ಬೇರೆ ಕಡೆ ಅಕ್ಕಿಕಾಳು ಬಿದ್ದಿತ್ತು.

ಮುಂದೆ ಕಾಂತಾ ರಾಯಪ್ಪನ ಕೈ ಹಿಡಿದು ಬೆಳಗಾವಿಗೆ ಬಂದಳು, ಸುಖವಾಗಿಯೇ ಇದ್ದಳು. ಸುಖವಾಗಿದ್ದವರು ಸೇಡು ಮರೆಯುತ್ತಾರೆಂಬುದು ಸುಳ್ಳು. ಅದಕ್ಕೆ ನೀರು ಹಾಕಿ ಬೆಳೆಸಲು ಅವರಿಗೇ ಪುರುಸೊತ್ತು ಹೆಚ್ಚು.

ಮಗಳು ಪದ್ಮಶ್ರೀಗೆ ವರ ನೋಡುತ್ತಿದ್ದ ದಿನಗಳಲ್ಲಿ, ದೀಪಾವಳಿ ಮುಗಿದ ವಾರ, ವಾಟ್ಸಾಪಿನಲ್ಲಿ ಚೇತನ ಎಂಬ ಹುಡುಗನ ಫೋಟೋ ಬಂತು. ಬಾಜುಕ್ಕೆ ನಿಂತ ಅವನ ಅಪ್ಪನನ್ನು ಕಂಡು ಕಾಂತಾ ಚಾಳೀಸು ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ತಲೆಯ ಕೂದಲೆಲ್ಲ ಕಿವಿಗೆ ವರ್ಗವಾಗಿತ್ತು, ಆದರೂ ಗುರುಪಾದಪ್ಪನೇ. ಬರ್ರಿ ಎಂದು ಆಗಲೇ ಬರೆದಳು.

ಬಂದರು, ಅವಲಕ್ಕಿ ತಿಂದರು. ಗುರುಪಾದಪ್ಪ ಅವಳ ಗುರುತು ಹಿಡಿಯಲಿಲ್ಲ. ಹೊರಡುವಾಗ ಕಾಂತಾ ಕೈ ಮುಗಿದು, ಹೇಳಿ ಕಳಿಸುತ್ತೇವೆಂದಳು.

ಅಂದಿನಿಂದ ಅವನು ತಿಂಗಳಿಗೊಮ್ಮೆ ಅರ್ಧ ಕಿಲೋ ಕುಂದಾ ಹಿಡಿದು ಹಾಜರ್. ನಮ್ಮ ಓಣಿಯ ಇರುವೆಗಳಿಗೆಲ್ಲ ಸಕ್ಕರೆ ಕಾಯಿಲೆ ಬಂತು. ಕಾಂತಾ ಇಲ್ಲ ಅನ್ನಲೇ ಇಲ್ಲ. ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಎಷ್ಟು ಪಂಕ್ತಿ ಹಿಡಿಸುತ್ತದೆ, ಊಟಕ್ಕೆ ಯಾರಿಗೆ ಹೇಳುತ್ತೀರಿ ಎಂದು ಕೇಳಿ ಆಸೆ ಹಚ್ಚುತ್ತಿದ್ದಳು. ಆಮೇಲೆ ಆಷಾಢ ಅನ್ನುತ್ತಿದ್ದಳು. ಕಾಂತಾಳದು ಬಸವಣ್ಣನ ಒಕ್ಕಲು, ಅವರ ಮನೆಯೊಳಗೆ ಪಂಚಾಂಗ ಕಾಲಿಟ್ಟಿದ್ದೇ ಇಲ್ಲ. ಆ ವರ್ಷ ಎರಡು ಕೊಂಡಳು, ಒಂದರಲ್ಲಿ ಒಳ್ಳೆಯ ದಿನ ಸಿಕ್ಕರೆ ಇನ್ನೊಂದರಲ್ಲಿ ಕೆಡಿಸಲಿಕ್ಕೆ.

ಸಾಕು ಬಿಡವ್ವಾ ಎಂದು ನಾನೂ ಹೇಳಿದೆ, ಬಾಯಲ್ಲಿ ಅವನದೇ ಕುಂದಾ ಇಟ್ಟುಕೊಂಡು. "ಇನ್ನಾ ಐದ ತಿಂಗಳ ಅದಾವ ಕಾಕಾ," ಅಂದಳು.

ಸಂಕ್ರಾಂತಿಗೆ ಹದಿನಾಲ್ಕು ತುಂಬಿತು. ಗುರುಪಾದಪ್ಪ ಕುಸುರೆಳ್ಳು ಕೊಟ್ಟು, ಕುಂತವನು ಏಳಲೇ ಇಲ್ಲ.

"ಅಕ್ಕಾರ, ಆಗತೈತೋ ಇಲ್ಲೋ, ಒಂದ ಮಾತ ಹೇಳ್ರಿ. ನಿಮ್ಮ ಸಲುವಾಗಿ ಎರಡ ಛಲೋ ಮನಿತನ ಬಿಟ್ಟೀನಿ."

"ನಾ ನಂದಗಡದ ದುಂಡಪ್ಪನ ಮಗಳ," ಅಂದಳು ಕಾಂತಾ. "ನೀವು ನನ್ನ ನೋಡಾಕ ಬಂದಿದ್ರಿ. ಹೇಳಿ ಕಳಸ್ತೀವಿ ಅಂದು ಹೋಗಿದ್ರಿ."

ಅವನು ತಲೆ ಎತ್ತಿ ಮಾಳಿಗೆ ನೋಡಿದ. ಆ ವರ್ಷ ಬಹಳ ಊರು ತಿರುಗಿದ್ದೆವು ಎಂದ. ಆಮೇಲೆ ಮುಖ ಅರಳಿತು.

"ಹಾಂ, ನೆನಪಾತ್ರಿ. ಹಸರ ಸೀರಿ ಉಟಗೊಂಡಿದ್ರಿ."

"ಆಕಿ ನಮ್ಮವ್ವ."

ಮೂವತ್ತು ವರ್ಷ ಮಸೆದ ಕತ್ತಿ, ಎದುರಿಗಿದ್ದವನಿಗೆ ತನಗೊಂದು ಕೊರಳಿದೆಯೆಂಬ ನೆನಪೂ ಇಲ್ಲ. ಗುರುಪಾದಪ್ಪನಿಗೆ ಅಷ್ಟರಲ್ಲಿ ಎಲ್ಲ ತಿಳಿದು ಸಿಟ್ಟು ನೆತ್ತಿಗೇರಿತ್ತು.

"ನನ್ನ ಮ್ಯಾಲಿನ ಸಿಟ್ಟ ಹುಡುಗನ ಮ್ಯಾಲ ತೀರಿಸಿಕೊಂಡ್ರೇನ್ರಿ? ವರ್ಷಗಟ್ಲೆ ಕಾದ ಕುಂತಾನಲ್ಲರಿ, ಅವ ಏನ ಪಾಪ ಮಾಡಿದ್ದ?"

ಕಾಂತಾ ಎದ್ದು ಅವನ ಚಪ್ಪಲಿಯನ್ನು ಕಾಲಿನಿಂದ ಬಾಗಿಲ ಕಡೆ ತಿರುಗಿಸಿಟ್ಟಳು.

"ಹುಡುಗ ಒಂದ ದಿನಾನೂ ಕಾದಿಲ್ರಿ. ನೀವು ಬಂದ ಹೋದ ದಿನಾನ ಪದ್ಮಶ್ರೀ ಅವಗ ಫೋನ್ ಮಾಡಿ ಒಲ್ಲೆ ಅಂದಾಳ. ನಮ್ಮಪ್ಪಗ ಹೇಳಬ್ಯಾಡ್ರಿ, ಮತ್ತ ಹೆಣ್ಣ ತೋರಸಾಕ ಊರೂರ ತಿರಗಸ್ತಾನ ಅಂತ ಅವನೇ ಕೈ ಮುಗದಾನ. ಕಾದವ್ರು ನೀವ ಒಬ್ರ."