ಕೊನೆ ನೋಡದವನ ಸಿನಿಮಾ

ನಮ್ಮ ಯಜಮಾನರು ಇಷ್ಟು ವರ್ಷಗಳಲ್ಲಿ ಥಿಯೇಟರಿನಲ್ಲಿ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ಸುಳ್ಳು ಹೇಳುತ್ತಿಲ್ಲ, ಪಕ್ಕದ ಸೀಟಿನಲ್ಲಿ ಕೂತವಳು ನಾನೇ. ಅವರದು ಲಿಫ್ಟ್ ರಿಪೇರಿ ಕೆಲಸ. ಊರಿನ ಲಿಫ್ಟುಗಳೆಲ್ಲ ಬೆಳಗಿನಿಂದ ಸಾಧುಗಳ ಹಾಗೆ ಮೇಲೆ ಕೆಳಗೆ ಓಡಾಡಿಕೊಂಡಿರುತ್ತವೆ. ಇವರು ಟಿಕೆಟ್ ತಗೊಂಡು ಕೂತು, ಕಥೆ ರಂಗೇರುವ ಹೊತ್ತಿಗೆ ಸರಿಯಾಗಿ ಎಲ್ಲೋ ಒಂದು ಕೆಟ್ಟು ನಿಲ್ಲುತ್ತದೆ. ಫೋನ್ ಬರುತ್ತದೆ. ಇವರು ಬಗ್ಗಿಕೊಂಡು, ಸಾಲಿನಲ್ಲಿದ್ದವರ ಕಾಲನ್ನೆಲ್ಲ ತುಳಿದುಕೊಂಡು ಹೊರಟೇಬಿಡುತ್ತಾರೆ. ನಾನು ಏಳುವವಳಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಮೇಲೆ ನನಗೆ ಕನಿಕರವಿದೆ, ಆದರೆ ಕೊಂಡ ಟಿಕೆಟಿನ ಮೇಲೂ ಇದೆ.

ಆಮೇಲಾದರೂ ‘ಕೊನೆಗೆ ಏನಾಯಿತೇ?’ ಎಂದು ಕೇಳುತ್ತಾರೆಯೇ? ಇಲ್ಲ. ಹೇಳಹೋದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ. ಸ್ಕೂಟರಿನಲ್ಲಿ ಹೋಗುವ ದಾರಿಯಲ್ಲೇ ಕೊನೆಯನ್ನು ತಾವೇ ಕಟ್ಟಿಕೊಂಡಿರುತ್ತಾರೆ. ಮಾರನೆಯ ದಿನ ಟೀ ಅಂಗಡಿಯಲ್ಲಿ ಅದನ್ನೇ ಕಣ್ಣಾರೆ ಕಂಡವರ ಹಾಗೆ ಗೆಳೆಯರಿಗೆ ಹೇಳುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನೂ ಬಿಟ್ಟುಬಿಟ್ಟಿದ್ದೇನೆ. ಎಷ್ಟೋ ಸಲ ಇವರ ಕೊನೆಯೇ ಸಿನಿಮಾದ ಕೊನೆಗಿಂತ ಚೆನ್ನಾಗಿರುತ್ತದೆ. ಹಾಗೆಂದು ಅವರ ಮುಂದೆ ಹೇಳಿ ತಲೆಗೇರಿಸಲು ನನಗೇನು ಹುಚ್ಚೇ?

ಗೆಳೆಯರು ಎಂದರೆ ಇಬ್ಬರು. ಒಬ್ಬ ಬೀಗ ರಿಪೇರಿಯವನು, ಒಬ್ಬ ಕಟಿಂಗ್ ಶಾಪಿನವನು. ಮೂವರೂ ಚಿಕ್ಕಂದಿನಿಂದ ಒಂದೇ ಬೀದಿಯಲ್ಲಿ ಬೆಳೆದವರು. ಬೀದಿಯವರು ಇವರನ್ನು ಲಿಫ್ಟು, ಬೀಗ, ಕತ್ತರಿ ಎಂದೇ ಕರೆಯುತ್ತಾರೆ. ಬೀಗನ ನಾಲಿಗೆಗೆ ಎಲುಬಿಲ್ಲ. ಯಾರು ಏನೇ ಹೊಗಳಲಿ, ಅದರಲ್ಲಿ ಒಂದು ಹುಳುಕು ಹುಡುಕದಿದ್ದರೆ ಅವನಿಗೆ ಟೀ ಇಳಿಯದು. ಕತ್ತರಿ ವಯಸ್ಸಿನಲ್ಲಿ ಚಿಕ್ಕವನು, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಅವನ ಅಂಗಡಿಗೆ ಜನ ಅರ್ಧ ಬರುತ್ತಿದ್ದದ್ದು ಕೂದಲಿಗೆ, ಇನ್ನರ್ಧ ಅವನ ಮಾತಿಗೆ. ಅಂಥವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಉಳಿಯಿತು, ಬಲಗೈ ಮಾತ್ರ ನಡುಗತೊಡಗಿತು. ಚಮಚ ಹಿಡಿದರೂ ಅರ್ಧ ಚೆಲ್ಲುತ್ತಿತ್ತು. ಶಕ್ತಿ ಬಂದರೆ ಬರಬಹುದು ಎಂದರು ಡಾಕ್ಟರು. ಬರಲಿಲ್ಲ. ಅವನು ಅಂಗಡಿಯ ಬಾಗಿಲು ಎಳೆದು ಮನೆ ಸೇರಿದ. ಮಾತು ಉಳಿದಿದ್ದೇನೋ ನಿಜ, ಆದರೆ ಆಡುವುದನ್ನೇ ಬಿಟ್ಟ. ಒಬ್ಬ ಮೊಬೈಲ್ ವ್ಯಾಪಾರಿ ಬಂದು ಅಂಗಡಿ ಕೇಳಿದಾಗ, ತಿಂಗಳ ಕೊನೆಗೆ ಬಿಟ್ಟುಕೊಡುತ್ತೇನೆ ಎಂದು ಒಪ್ಪಿಬಿಟ್ಟ.

ನಮ್ಮವರಿಗೆ ಅನ್ನ ಸೇರಲಿಲ್ಲ. “ಅಂಗಡಿ ಹೋದ್ರೆ ಅವನು ಮುಗಿದೋದ ಕಣೇ,” ಎಂದರು. ಆಗಲೇ ಅವರಿಗೆ ಆ ಸಿನಿಮಾ ನೆನಪಾದದ್ದು.

ಹಾರುವವನೊಬ್ಬನ ಸಿನಿಮಾ ಅದು. ಬಿಡುಗಡೆಯಾದ ವಾರವೇ ಮಕಾಡೆ ಮಲಗಿತ್ತು. ಸೂಪರ್‌ಹೀರೋ ಸಿನಿಮಾ ಎಂದು ಮಕ್ಕಳನ್ನು ಕರೆದುಕೊಂಡು ಹೋದವರು ಬೈದುಕೊಂಡು ಬಂದಿದ್ದರು. ಬೈಯದೆ ಏನು ಮಾಡುತ್ತಾರೆ? ಮೊದಲ ಅರ್ಧದಲ್ಲಿ ಬೂದು ಕೋಟು ಹಾಕಿಕೊಂಡು ಜುಮ್ಮೆಂದು ಹಾರಾಡುವವನು, ಒಂದು ಬೆಳಗ್ಗೆ ಎದ್ದು ನೋಡಿದರೆ ಹಾರುವ ಶಕ್ತಿಯೇ ಇಲ್ಲ. ಅಲ್ಲಿಂದಾಚೆಗೆ ಕೋಣೆಯಲ್ಲಿ ಮಲಗಿರುತ್ತಾನೆ, ಮಲಗಿಯೇ ಇರುತ್ತಾನೆ. ಪಕ್ಕದ ಮನೆಯವರು ಬಂದು, ಏನಪ್ಪಾ ಇವತ್ತೂ ಹಾರಲಿಲ್ಲವಾ ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ನಾನಂತೂ ಆ ಹೊತ್ತಿನಲ್ಲಿ ಒಂದು ಸಣ್ಣ ನಿದ್ದೆ ತೆಗೆದಿದ್ದೆ. ನಮ್ಮವರು ಮಾತ್ರ ರೆಪ್ಪೆ ಬಡಿಯದೆ ನೋಡಿದ್ದರು. ಕೊನೆಗೆ ಒಂದು ಎತ್ತರದ ಕಟ್ಟಡಕ್ಕೆ ಬೆಂಕಿ ಬೀಳುತ್ತದೆ, ತುತ್ತತುದಿಯ ಮನೆಯಲ್ಲಿ ಒಂದು ಮಗು ಸಿಕ್ಕಿಕೊಳ್ಳುತ್ತದೆ. ಜನವೆಲ್ಲ ಇವನ ಬಾಗಿಲು ಬಡಿಯುತ್ತಾರೆ. ಇವನು ಎದ್ದು ಕೋಟು ಹಾಕಿಕೊಳ್ಳುತ್ತಾನೆ. ಸರಿಯಾಗಿ ಆಗ ನಮ್ಮವರಿಗೆ ಫೋನ್ ಬಂತು.

ಇವರು ಕಟ್ಟಿಕೊಂಡ ಕೊನೆಯಲ್ಲಿ ಅವನು ಮೆಟ್ಟಿಲು ಹತ್ತಿಕೊಂಡು ಹೋಗುತ್ತಾನೆ. ಏದುಸಿರು ಬಿಡುತ್ತಾ, ಅಲ್ಲಲ್ಲಿ ಕಂಬಿ ಹಿಡಿದು ನಿಲ್ಲುತ್ತಾ ಹತ್ತುತ್ತಾನೆ, ಮಗುವನ್ನು ಹೆಗಲ ಮೇಲೆ ಹೊತ್ತು ಹಾಗೇ ಇಳಿಯುತ್ತಾನೆ. ಟೀ ಅಂಗಡಿಯಲ್ಲಿ ಇದನ್ನು ಹೇಳುವಾಗ ಇವರ ಕಣ್ಣು ತುಂಬಿಕೊಳ್ಳುತ್ತದೆ. ಕೊನೆಯವರೆಗೆ ಕೂತಿದ್ದ ನನಗೆ ಗೊತ್ತು, ಅಲ್ಲಿ ಮೆಟ್ಟಿಲೂ ಇಲ್ಲ, ಕಂಬಿಯೂ ಇಲ್ಲ. ಆಕಾಶದಿಂದ ಒಂದು ಸಿಡಿಲು ಬಡಿಯುತ್ತದೆ, ಅವನ ಕಣ್ಣು ನೀಲಿಯಾಗುತ್ತದೆ, ಹೋದ ಶಕ್ತಿಯೆಲ್ಲ ಮರಳಿ ಬರುತ್ತದೆ, ಡೋಲು ತಮಟೆ ಸಮೇತ ಹಾರಿಬಿಡುತ್ತಾನೆ. ಮುಗಿಯಿತು.

ಊರಿನ ಹಳೆಯ ಥಿಯೇಟರೊಂದರಲ್ಲಿ ಭಾನುವಾರ ಮಧ್ಯಾಹ್ನ ಹಳೇ ಸಿನಿಮಾ ಹಾಕುತ್ತಾರೆ. ಅಲ್ಲಿ ಇದರ ಪೋಸ್ಟರ್ ಕಂಡಿದ್ದೇ ತಡ, ಇವರು ಕತ್ತರಿಯ ಬೆನ್ನು ಬಿದ್ದರು. ದಿನಾ ಸಂಜೆ ಅವನ ಮನೆಗೆ ಹೋಗಿ ಅದೇ ರಾಗ, ಅದೇ ಹಾಡು. ಒಂದು ಸಂಜೆ ನಾನೂ ಬೀಗನೂ ಜೊತೆಗೆ ಹೋಗಿದ್ದೆವು.

“ಜನಕ್ಕೆ ಬೆಲೆ ಗೊತ್ತಾಗ್ಲಿಲ್ಲ ಕಣೋ. ಚಿನ್ನದಂಥ ಸಿನಿಮಾ. ಒಂದ್ಸಲ ಬಾ, ನೋಡು.”

“ಜನಕ್ಕೆ ಚೆನ್ನಾಗೇ ಗೊತ್ತಾಗಿದೆ,” ಎಂದ ಬೀಗ. “ಅದಕ್ಕೇ ಓಡೋಗಿದ್ದಾರೆ. ಅಲ್ಲಯ್ಯಾ, ಕೊನೆನೂ ಹೇಳ್ಬಿಟ್ಟೆ. ಇನ್ನು ಅಲ್ಲಿ ಹೋಗಿ ನೋಡೋದೇನು, ಪರದೆ ಬಟ್ಟೆನಾ?”

ಕತ್ತರಿ ಗೋಡೆ ನೋಡಿಕೊಂಡು ಕೂತಿದ್ದ. ಇತ್ತ ತಿರುಗಿ, “ಮೆಟ್ಟಿಲು ಹತ್ತಿ ಹೋಗ್ತಾನೆ ಅಂದ್ಯಲ್ಲ, ಅದು ನಿಜಾನಾ?” ಎಂದು ಕೇಳಿದ.

“ನನ್ನಾಣೆ,” ಎಂದರು ನಮ್ಮವರು.

ಮನೆಗೆ ಬಂದವಳೇ ಇವರನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದೆ. “ರೀ, ಆ ಸಿನಿಮಾದ ಕೊನೆ ನೀವಂದುಕೊಂಡ ಹಾಗಿಲ್ಲ. ಅವನನ್ನ ಕರ್ಕೊಂಡು ಹೋಗ್ಬೇಡಿ.”

“ಹೇಳ್ಬೇಡ! ಹೇಳ್ಬೇಡ ಕಣೇ!” ಎಂದು ಎರಡೂ ಕಿವಿ ಮುಚ್ಚಿಕೊಂಡು ಬಚ್ಚಲುಮನೆಗೆ ಓಡಿದರು. ಇಂಥವರ ಜೊತೆ ಬಾಳುವುದೆಂದರೆ ತಮಾಷೆಯಲ್ಲ.

ಸರಿ, ಕತ್ತರಿಗೇ ಹೇಳಿಬಿಡೋಣ ಎಂದು ಭಾನುವಾರ ಬೆಳಗ್ಗೆ ಅವನ ಮನೆಗೆ ಹೋದೆ. ಹೋಗಿ ನೋಡಿದರೆ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು ತಯಾರಾಗಿ ಕೂತಿದ್ದಾನೆ. “ಅತ್ತಿಗೆ, ಆ ಮೆಟ್ಟಿಲಿನ ಸೀನ್ ಒಂದು ನೋಡ್ಬೇಕು ಅನ್ನಿಸ್ತಿದೆ,” ಎಂದ. ಹೇಳಬಂದದ್ದನ್ನು ನುಂಗಿಕೊಂಡು ವಾಪಸ್ ಬಂದೆ. ತಿಂಗಳು ಮುಗಿಯಲು ಎರಡೇ ದಿನವಿತ್ತು. ಆ ಸಿಡಿಲನ್ನು ನೋಡಿದನೆಂದರೆ ಇವನು ಅಂಗಡಿಯನ್ನು ಆವತ್ತೇ ಕೊಟ್ಟುಬಿಡುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು.

ಥಿಯೇಟರಿನಲ್ಲಿ ಕೈಬೆರಳೆಣಿಕೆಯ ಜನ. ಬೀಗನೂ ಬಂದಿದ್ದ, ಗೊಣಗಲಿಕ್ಕೆ ಸಿನಿಮಾಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಹೀರೋ ಮಲಗಿದಾಗ ನಾನು ಈ ಸಲ ನಿದ್ದೆ ಮಾಡಲಿಲ್ಲ. ಪಕ್ಕದಲ್ಲಿ ಕತ್ತರಿ ಮುಂದಕ್ಕೆ ಬಾಗಿ ಕೂತಿದ್ದ. ಬಲಗೈಯನ್ನು ತೊಡೆಗಳ ನಡುವೆ ಒತ್ತಿ ಹಿಡಿದಿದ್ದ. ಪಕ್ಕದ ಮನೆಯವರು ಹೀರೋನನ್ನು ವಿಚಾರಿಸಲು ಬಂದಾಗ, “ನಮ್ಮನೆಗೂ ಹೀಗೇ ಬರ್ತಾರೆ,” ಎಂದು ಪಿಸುಗುಟ್ಟಿದ. ಕಟ್ಟಡಕ್ಕೆ ಬೆಂಕಿ ಬಿತ್ತು. ಜನ ಬಾಗಿಲು ಬಡಿದರು. ಹೀರೋ ಕೋಟು ಹಾಕಿಕೊಂಡ.

ನಮ್ಮವರ ಫೋನ್ ಬಂತು. ಆಣೆ ಮಾಡಿ ಹೇಳುತ್ತೇನೆ, ಅದೇ ಜಾಗ! ಪಕ್ಕದ ಬೀದಿಯ ಕಟ್ಟಡದಲ್ಲಿ ಲಿಫ್ಟ್ ನಿಂತಿದೆ, ಒಳಗೆ ಒಬ್ಬರು ಸಿಕ್ಕಿಕೊಂಡಿದ್ದಾರೆ. ಇವರು ಕತ್ತರಿಯ ಬೆನ್ನು ತಟ್ಟಿ, “ಈಗ ನೋಡು,” ಎಂದವರೇ ಹೊರಟುಹೋದರು.

ಸಿಡಿಲು ಬಡಿಯಿತು. ಕಣ್ಣು ನೀಲಿಯಾಯಿತು. ಡೋಲು ಮೊಳಗಿತು.

ದೀಪ ಹತ್ತಿದಾಗ ಕತ್ತರಿ ಏಳಲಿಲ್ಲ. “ಅತ್ತಿಗೆ, ಮೆಟ್ಟಿಲೆಲ್ಲಿ?” ಎಂದ.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಇದ್ದದ್ದು ಇದ್ದ ಹಾಗೆ ಹೇಳಿದೆ. ಇವರು ಕೊನೆ ನೋಡಿಯೇ ಇಲ್ಲ, ಯಾವ ಸಿನಿಮಾದ್ದೂ ನೋಡಿಲ್ಲ, ಎಲ್ಲ ಸ್ಕೂಟರಿನ ಮೇಲೆ ಹುಟ್ಟಿದ್ದು ಎಂದೆ.

“ಇವನಿಗೆ ಸಿಡಿಲು ಬಡೀತು, ಹೋಗಿದ್ದೆಲ್ಲ ವಾಪಸ್ ಬಂತು,” ಎಂದ ಕತ್ತರಿ. “ನನಗೆ ಹೊಡೆದಿದ್ದು ಬೇರೆ ಥರ. ಗಾಯದ ಮೇಲೆ ಬರೆ ಎಳೆಯೋಕೆ ಇಲ್ಲಿ ತನಕ ಕರ್ಕೊಂಡು ಬಂದ್ನಾ? ಎಲ್ಲಿ ಅವನು? ಮುಖ ನೋಡಿ ಕೇಳ್ಬೇಕು ನಾನು.” ಹೇಳಿದವನೇ ಎದ್ದು ನಡೆದ. ನಾವು ಹಿಂದೆ ಓಡಿದೆವು.

ಆ ಕಟ್ಟಡದ ಕಾವಲಿನವನು, “ಲಿಫ್ಟ್‌ನವರು ಮೇಲಿದ್ದಾರೆ,” ಎಂದು ಮೆಟ್ಟಿಲು ತೋರಿಸಿದ. ಹತ್ತಿದೆವು. ಐದನೆಯ ಮಹಡಿಯ ತಿರುವಿನಲ್ಲಿ ನಮ್ಮವರು ಸಿಕ್ಕಿದರು. ಕಂಬಿ ಹಿಡಿದು ನಿಂತಿದ್ದರು, ಅಂಗಿ ಬೆವರಿಗೆ ಮೈಗಂಟಿತ್ತು, ಹೆಗಲಲ್ಲಿ ಸ್ಪ್ಯಾನರುಗಳ ಚೀಲ. ಲಿಫ್ಟು ಅಲ್ಲೇ, ಎರಡು ಮಹಡಿಗಳ ನಡುವೆ ನಿಂತಿತ್ತು. ಹಾಗಾದಾಗ ಒಬ್ಬರು ತಾರಸಿಯ ಮೋಟಾರು ಕೋಣೆಯಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಬಾಗಿಲ ಹತ್ತಿರ ನಿಂತು, ಲಿಫ್ಟಿನ ನೆಲ ಸಮಕ್ಕೆ ಬಂದ ಕೂಡಲೇ ಕೂಗಿ ಹೇಳಬೇಕು. ಜೊತೆಗೆ ಬರುವವನಿಗೆ ಭಾನುವಾರ ರಜೆ. ಹಾಗಾಗಿ ಇವರೇ ಮೇಲೆ ಹೋಗಿ ಒಂದಿಷ್ಟು ತಿರುಗಿಸಿ, ಕೆಳಗೆ ಓಡಿಬಂದು ನೋಡಿ, ಮತ್ತೆ ಮೇಲೆ ಹತ್ತುತ್ತಿದ್ದರು.

“ಎಷ್ಟು ಸಲ ಹತ್ತಿದ್ಯೋ?” ಎಂದು ಕೇಳಿದ ಕತ್ತರಿ. ಬೈಯಲು ಬಂದವನು ಅವನು.

“ಯಾರಿಗೆ ಗೊತ್ತು,” ಎಂದರು ಇವರು, ಉಸಿರಿಗೆ ತಡಕಾಡುತ್ತಾ. “ಲಿಫ್ಟ್ ಕೆಟ್ಟಾಗ ತಾನೇ ನಮ್ಮನ್ನ ಕರೆಯೋದು? ನಮಗೆ ಯಾವಾಗ್ಲೂ ಮೆಟ್ಟಿಲೇ ಗತಿ. ಸಿನಿಮಾ ಹೇಗಿತ್ತು? ಹತ್ತಿದ್ನಾ ಅವನು?”

ಕತ್ತರಿ ಇವರನ್ನು ಮೇಲಿನಿಂದ ಕೆಳಗೆ ನೋಡಿದ. ನಾನೂ ನೋಡಿದೆ. ಅಯ್ಯೋ ನನ್ನ ಬುದ್ಧಿಯೇ! ಇಷ್ಟು ವರ್ಷ ಜೊತೆಗಿದ್ದೂ ಈ ಮನುಷ್ಯ ಆ ಕೊನೆಯನ್ನು ಎಲ್ಲಿಂದ ತಂದಿರಬಹುದೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

“ಹತ್ತಿದ,” ಎಂದ ಕತ್ತರಿ. “ನೀನು ಮೇಲೆ ಹೋಗು. ಇಲ್ಲಿ ನಾನು ನಿಲ್ತೀನಿ.”

ಲಿಫ್ಟಿನೊಳಗಿಂದ ಒಬ್ಬ ದಪ್ಪ ದನಿಯ ಗಂಡಸು, ಉಸಿರು ಕಟ್ಟುತ್ತಿದೆ, ಸಾಯುತ್ತೇನೆ ಎಂದು ಅಳುತ್ತಿದ್ದ. ಕತ್ತರಿ ಬಾಗಿಲ ಸಂದಿಗೆ ಬಾಯಿಟ್ಟು, ಕುರ್ಚಿಯಲ್ಲಿ ಕೂತ ಗಿರಾಕಿಯನ್ನು ಮಾತಾಡಿಸುವ ಅದೇ ದನಿಯಲ್ಲಿ ಕೇಳಿದ, “ನಮಸ್ಕಾರ ಸಾರ್. ಸಿನಿಮಾ ಗಿನಿಮಾ ನೋಡ್ತೀರಾ?”

ಒಳಗೆ ಅಳು ನಿಂತಿತು. “ಏನು?” ಎಂದಿತು ದನಿ.

“ಒಂದು ಒಳ್ಳೇ ಸಿನಿಮಾ ಇದೆ ಸಾರ್. ಯಾರೂ ನೋಡಿಲ್ಲ. ಈಗಷ್ಟೇ ನೋಡ್ಕೊಂಡು ಬಂದೆ.” ಶುರುಮಾಡಿದ ನೋಡಿ ಕಥೆ! ಆ ಬೂದು ಕೋಟೇನು, ಆ ಹಾರಾಟವೇನು, ಬೀಗ ಕೂಡ ಮೆಟ್ಟಿಲ ಮೇಲೆ ಕೂತು ಹೊಸದಾಗಿ ಕೇಳುವವನ ಹಾಗೆ ಕೇಳಿದ. ಮೇಲೆ ನಮ್ಮವರು ಇಷ್ಟಿಷ್ಟೇ ಚಕ್ರ ತಿರುಗಿಸುತ್ತಿದ್ದರು. ಹೀರೋ ಮಲಗಿದ ಭಾಗ ಬಂದಾಗ ಕತ್ತರಿ ಅವಸರ ಮಾಡಲಿಲ್ಲ. ಮಲಗಿದವನಿಗೆ ಸೂರು ಹೇಗೆ ಕಾಣುತ್ತದೆ, ಬಾಗಿಲು ಬಡಿದರೆ ಹೊಟ್ಟೆಯಲ್ಲಿ ಏನಾಗುತ್ತದೆ, ಎಲ್ಲ ಹೇಳಿದ. ಅದು ಸಿನಿಮಾದಲ್ಲಿ ಇರಲಿಲ್ಲ. ಕಟ್ಟಡಕ್ಕೆ ಬೆಂಕಿ ಬಿತ್ತು.

“ಆಮೇಲೆ? ಹಾರಿದ್ನಾ?” ಎಂದಿತು ಒಳಗಿನ ದನಿ.

ಕತ್ತರಿ ನಮ್ಮವರು ಹತ್ತಿಹೋದ ಮೆಟ್ಟಿಲಿನ ಕಡೆ ನೋಡಿದ.

“ಇಲ್ಲ ಸಾರ್. ಹಾರೋದು ಅವನಿಗೆ ವಾಪಸ್ ಬರಲ್ಲ,” ಎಂದ. “ಬರಲ್ಲ ಅಂದ್ರೆ ಬರಲ್ಲ. ಮೆಟ್ಟಿಲು ಹತ್ತಿದ.”

ಹೇಳಿ ಮುಗಿಸುವಷ್ಟರಲ್ಲಿ ಲಿಫ್ಟಿನ ನೆಲ ಸಮಕ್ಕೆ ಬಂತು. “ಬಂತು! ನಿಲ್ಲಿಸು!” ಎಂದು ಅವನು ಕೂಗಿದ ಕೂಗಿಗೆ ಮಹಡಿಯ ಬಾಗಿಲುಗಳೆಲ್ಲ ತೆರೆದವು. ನಮ್ಮವರು ಇಳಿದು ಬಂದು ಬಾಗಿಲು ಬಿಡಿಸಿದರು. ಎಮ್ಮೆಯಷ್ಟು ದೊಡ್ಡ ಆಸಾಮಿ ಹೊರಬಂದು ಕತ್ತರಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಿಮ್ಮ ಕೈ ನನ್ನದಕ್ಕಿಂತ ಜಾಸ್ತಿ ನಡುಗ್ತಿದೆಯಲ್ಲ ಸಾರ್!”

“ಅದು ಹಾಗೇ ಸಾರ್, ಇನ್ನು ನಿಲ್ಲಲ್ಲ,” ಎಂದ ಕತ್ತರಿ. “ಎಡಗೈಗೆ ಕಲಿಸ್ಬೇಕು.”

ನನ್ನ ಹೊಟ್ಟೆಗೆ ಹಾಲೆರೆದ ಹಾಗಾಯಿತು. ಮೊಬೈಲ್ ವ್ಯಾಪಾರಿಗೆ ಅವನು ಮರುದಿನವೇ ಆಗುವುದಿಲ್ಲ ಎಂದ. ಆದರೆ ಎಡಗೈಗೆ ಕಲಿಸುವುದೇನು ಹುಡುಗಾಟವೇ? ಮಾಮೂಲಿ ಕತ್ತರಿ ಎಡಗೈಯಲ್ಲಿ ಕೂದಲನ್ನು ಕತ್ತರಿಸುವುದಿಲ್ಲ, ಮಡಚುತ್ತದೆ. ನಾನು ಕಿಟಕಿ ಪರದೆ ಹೊಲಿಯುವವಳು. ಉಳಿದ ಬಟ್ಟೆ ತುಂಡುಗಳನ್ನೆಲ್ಲ ಅವನಿಗೆ ಕಳಿಸಿದೆ. ದಿನವಿಡೀ ಕತ್ತರಿಸಿ ಕತ್ತರಿಸಿ ಅವನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಒಂದು ದಿನ ಬೀಗ ಒಂದು ಪೊಟ್ಟಣ ತಂದು ಮೇಜಿನ ಮೇಲೆ ಎಸೆದ. ಒಳಗೆ ಎಡಗೈಯವರಿಗೆಂದೇ ಮಾಡಿದ ಕತ್ತರಿ ಇತ್ತು. “ದಾರೀಲಿ ಸಿಕ್ತು,” ಎಂದ. ದಾರಿಯಲ್ಲಿ ಸಿಗುವ ಸಾಮಾನೇ ಅದು? ಮಾರುಕಟ್ಟೆಯನ್ನೆಲ್ಲ ಜಾಲಾಡಿ, ಅಲ್ಲಿ ಸಿಗದೆ ಬೇರೆ ಊರಿನಿಂದ ತರಿಸಿದನೆಂದು ಅವನ ಹೆಂಡತಿ ನನಗೆ ಹೇಳಿದಳು.

ಅಂಗಡಿ ತೆರೆದ ಬೆಳಗ್ಗೆ ಮೊದಲು ತಲೆ ಕೊಟ್ಟವರು ನಮ್ಮವರು. ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಕಿವಿಯ ಕಡೆ ಹೆಚ್ಚು, ಒಂದು ಕಿವಿಯ ಕಡೆ ಕಮ್ಮಿ. ಹೊರಗೆ ಹಳೆಯ ಗಿರಾಕಿಗಳು ನಾಲ್ಕಾರು ಜನ ನಿಂತಿದ್ದರು. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎಂದರು, ಒಬ್ಬರೂ ಒಳಗೆ ಕಾಲಿಡಲಿಲ್ಲ. ಕತ್ತರಿ ಖಾಲಿ ಕುರ್ಚಿಯನ್ನು ಸುಮ್ಮನೆ ಒರೆಸುತ್ತಾ ನಿಂತ. ನೋಡಲಾಗದೆ ನಾನು ತಲೆ ತಗ್ಗಿಸಿದೆ.

ಬೀಗ ಜನರನ್ನು ತಳ್ಳಿಕೊಂಡು ಒಳಬಂದ. ಬಾಯಿ ತೆರೆಯಲಿದ್ದಾನೆ, ಎಲ್ಲ ಹಾಳು ಮಾಡಲಿದ್ದಾನೆ ಎಂದುಕೊಂಡೆ. ಅವನು ಹೋಗಿ ಕುರ್ಚಿಯಲ್ಲಿ ಕೂತ. ಊರಿಗೆಲ್ಲ ಗೊತ್ತು ಅವನ ಮೀಸೆ. ಹೆಂಡತಿ ಮಕ್ಕಳು ತಮಾಷೆಗೆ ಮುಟ್ಟಿದರೂ ಎಗರಾಡುವವನು, ವಾರಕ್ಕೊಮ್ಮೆ ಕನ್ನಡಿ ಮುಂದೆ ತಾನೇ ಕತ್ತರಿಸಿಕೊಳ್ಳುವವನು.

“ಕೂದಲು ಬೇಡ,” ಎಂದ ಎಲ್ಲರಿಗೂ ಕೇಳುವ ಹಾಗೆ. “ಮೀಸೆ ಸರಿಮಾಡು.”

“ಅಣ್ಣಾ, ಮೀಸೆನಾ? ಇವತ್ತೇ ಬೇಡ,” ಎಂದ ಕತ್ತರಿ.

“ಇವತ್ತೇ,” ಎಂದು ಬೀಗ ಕಣ್ಣು ಮುಚ್ಚಿ ಗದ್ದ ಎತ್ತಿದ.